ಕಾಮಿಕ್ಸ್ ಕೋಡ್ ಅಥಾರಿಟಿ

ಕಾಮಿಕ್ಸ್ ಕೋಡ್ ಅಥಾರಿಟಿಯು ಅಮೆರಿಕದ ಕಾಮಿಕ್ಸ್ ಪ್ರಕಾಶಕರು ತಮ್ಮ ಪ್ರಕಟಣೆಗಳ ಮೇಲೆ ತಾವೇ ಹೇರಿಕೊಂಡ ನಿಯಂತ್ರಣ ವ್ಯವಸ್ಥೆಯಾಗಿತ್ತು. ಇದು 1954ರಲ್ಲಿ ಆರಂಭವಾಗಿ 2011ರಲ್ಲಿ ಕೊನೆಗೊಂಡಿತು. ಇದು ಸರ್ಕಾರಿ ಸಂಸ್ಥೆಯಾಗಿರಲಿಲ್ಲ. ಇದರ ನಿಯಮಗಳಿಗೆ ಕಾನೂನಿನ ಬಲವೂ ಇರಲಿಲ್ಲ. ಆದರೂ ಹಲವು ವರ್ಷಗಳ ಕಾಲ ಆ ದೇಶದ ಕಾಮಿಕ್ಸ್‌ನಲ್ಲಿ ಏನನ್ನು ಚಿತ್ರಿಸಬಹುದು ಎಂಬುದನ್ನು ಬಹುಮಟ್ಟಿಗೆ ಇದೇ ನಿರ್ಧರಿಸಿತು.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಅಪರಾಧ ಮತ್ತು ಭಯಾನಕ ಕಥೆಗಳ ಕಾಮಿಕ್ಸ್ ಜನಪ್ರಿಯವಾದವು. ಇವು ಮಕ್ಕಳನ್ನು ದಾರಿತಪ್ಪಿಸುತ್ತವೆ ಎಂಬ ಆತಂಕ ಹರಡಿ, ಕೆಲವು ಊರುಗಳಲ್ಲಿ ಅವುಗಳನ್ನು ಸಾರ್ವಜನಿಕವಾಗಿ ಸುಡಲಾಯಿತು. ಮನೋವೈದ್ಯ ಫ್ರೆಡ್ರಿಕ್ ವರ್ಥಮ್ 1954ರಲ್ಲಿ ಪ್ರಕಟಿಸಿದ ‘ಸೆಡಕ್ಷನ್ ಆಫ್ ದಿ ಇನೊಸೆಂಟ್’ ಕೃತಿಯು ಈ ಆತಂಕವನ್ನು ಹೆಚ್ಚಿಸಿತು. ಅದೇ ವರ್ಷ ಸೆನೆಟ್‌ನ ಉಪಸಮಿತಿಯೊಂದು ಬಾಲಾಪರಾಧದ ಕುರಿತು ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಸಿತು. ಕತ್ತರಿಸಿದ ತಲೆಯ ಚಿತ್ರವಿದ್ದ ಮುಖಪುಟವೊಂದನ್ನು ಇಸಿ ಕಾಮಿಕ್ಸ್‌ನ ಪ್ರಕಾಶಕ ವಿಲಿಯಂ ಗೇನ್ಸ್ ಅಲ್ಲಿ ಸಮರ್ಥಿಸಿಕೊಂಡದ್ದು ತೀವ್ರ ಟೀಕೆಗೆ ಗುರಿಯಾಯಿತು. ಸರ್ಕಾರವು ಕ್ರಮ ಕೈಗೊಳ್ಳಬಹುದೆಂಬ ಭಯದಿಂದ ಪ್ರಕಾಶಕರು ಸಂಘವೊಂದನ್ನು ರಚಿಸಿಕೊಂಡು, ಅಕ್ಟೋಬರ್‌ನಲ್ಲಿ ನಿಯಮಾವಳಿಯನ್ನು ಅಂಗೀಕರಿಸಿದರು.

ನಿಯಮಗಳು

ನಿಯಮಾವಳಿಯ ಮುಖ್ಯ ಅಂಶಗಳು ಇಂತಿದ್ದವು:

- ಪ್ರತಿಯೊಂದು ಕಥೆಯಲ್ಲೂ ಕೆಡುಕಿನ ಮೇಲೆ ಒಳಿತು ಜಯಗಳಿಸಬೇಕು.
- ಪೊಲೀಸರು, ನ್ಯಾಯಾಧೀಶರು ಮತ್ತು ಸರ್ಕಾರಿ ಅಧಿಕಾರಿಗಳ ಬಗ್ಗೆ ಅಗೌರವ ಮೂಡುವಂತೆ ಚಿತ್ರಿಸಬಾರದು.
- ಶೀರ್ಷಿಕೆಯಲ್ಲಿ ‘ಹಾರರ್’, ‘ಟೆರರ್’ ಎಂಬ ಪದಗಳಿರಬಾರದು.
- ರಕ್ತಪಿಶಾಚಿ, ನರಭಕ್ಷಣೆ ಮುಂತಾದವುಗಳ ಚಿತ್ರಣ ಕೂಡದು.

ಕಾರ್ಯವಿಧಾನ

ಕಥೆ ಮತ್ತು ಚಿತ್ರಗಳನ್ನು ಮುದ್ರಣಕ್ಕೆ ಮೊದಲೇ ಪರಿಶೀಲನೆಗೆ ಒಪ್ಪಿಸಬೇಕಿತ್ತು. ಪರಿಶೀಲಕರು ಸೂಚಿಸಿದ ಬದಲಾವಣೆಗಳನ್ನು ಮಾಡಿದ ನಂತರ ಮುಖಪುಟದಲ್ಲಿ ಅನುಮೋದನೆಯ ಮುದ್ರೆಯನ್ನು ಅಚ್ಚುಮಾಡಬಹುದಿತ್ತು. ಬಹುತೇಕ ಸಗಟು ವಿತರಕರು ಮುದ್ರೆಯಿಲ್ಲದ ಪುಸ್ತಕಗಳನ್ನು ಸ್ವೀಕರಿಸುತ್ತಿರಲಿಲ್ಲ. ವ್ಯವಸ್ಥೆಯ ನಿಜವಾದ ಬಲ ಇದ್ದುದು ಇಲ್ಲಿಯೇ.

‘ಜಡ್ಜ್‌ಮೆಂಟ್ ಡೇ’ ವಿವಾದ

ಕಿತ್ತಳೆ ಮತ್ತು ನೀಲಿ ಬಣ್ಣದ ರೋಬಾಟ್‌ಗಳ ನಡುವಿನ ತಾರತಮ್ಯದ ಮೂಲಕ ವರ್ಣಭೇದವನ್ನು ಟೀಕಿಸುವ ‘ಜಡ್ಜ್‌ಮೆಂಟ್ ಡೇ’ ಕಥೆಯನ್ನು ಇಸಿ ಸಂಸ್ಥೆಯು 1953ರಲ್ಲಿ ಪ್ರಕಟಿಸಿತ್ತು. ಕೊನೆಯ ಚೌಕಟ್ಟಿನಲ್ಲಿ ಗಗನಯಾತ್ರಿಯು ಶಿರಸ್ತ್ರಾಣ ತೆಗೆದಾಗ ಆತ ಕಪ್ಪುವರ್ಣೀಯನೆಂದು ತಿಳಿಯುತ್ತದೆ. ಇದರ ಮರುಮುದ್ರಣದ ಸಂದರ್ಭದಲ್ಲಿ, ಆ ಪಾತ್ರವು ಕಪ್ಪುವರ್ಣೀಯನಾಗಿರಕೂಡದೆಂದು ನಿಯಮಾವಳಿಯ ಆಡಳಿತಾಧಿಕಾರಿ ಚಾರ್ಲ್ಸ್ ಮರ್ಫಿ ಆಕ್ಷೇಪಿಸಿದರು. ನಿಯಮಾವಳಿಯಲ್ಲಿ ಅಂತಹ ನಿಷೇಧವೇ ಇರಲಿಲ್ಲ. ಗೇನ್ಸ್ ಒಪ್ಪದೆ, 1956ರಲ್ಲಿ ಕಥೆಯನ್ನು ಬದಲಾವಣೆಯಿಲ್ಲದೆ ಪ್ರಕಟಿಸಿದರು. ಅದು ಇಸಿಯ ಕೊನೆಯ ಕಾಮಿಕ್ ಪುಸ್ತಕವಾಯಿತು. ಬಳಿಕ ಸಂಸ್ಥೆಯು, ನಿಯಮಾವಳಿಯ ವ್ಯಾಪ್ತಿಗೆ ಒಳಪಡದ ‘ಮ್ಯಾಡ್’ ನಿಯತಕಾಲಿಕದ ಕಡೆಗೆ ಗಮನ ಹರಿಸಿತು.

ಸಡಿಲಿಕೆ ಮತ್ತು ಅಂತ್ಯ

1971ರಲ್ಲಿ ಸರ್ಕಾರದ ಆರೋಗ್ಯ ಇಲಾಖೆಯ ಕೋರಿಕೆಯಂತೆ ಸ್ಟ್ಯಾನ್ ಲೀ ಅವರು ಮಾದಕವಸ್ತುಗಳ ದುಷ್ಪರಿಣಾಮವನ್ನು ತೋರಿಸುವ ಸ್ಪೈಡರ್-ಮ್ಯಾನ್ ಕಥೆಯನ್ನು ಬರೆದರು. ಅದಕ್ಕೆ ಅನುಮೋದನೆ ದೊರೆಯದ ಕಾರಣ ಮಾರ್ವೆಲ್ ಸಂಸ್ಥೆಯು 96ರಿಂದ 98ರವರೆಗಿನ ಸಂಚಿಕೆಗಳನ್ನು ಮುದ್ರೆಯಿಲ್ಲದೆಯೇ ಹೊರತಂದಿತು. ಅದೇ ವರ್ಷ ನಿಯಮಗಳನ್ನು ಸಡಿಲಿಸಲಾಯಿತು. ಕಾಮಿಕ್ಸ್‌ಗೆಂದೇ ಮೀಸಲಾದ ಅಂಗಡಿಗಳು ಹೆಚ್ಚಿದಂತೆ ಮುದ್ರೆಯ ಮಹತ್ವ ಕುಗ್ಗಿತು. 2001ರಲ್ಲಿ ಮಾರ್ವೆಲ್, 2011ರಲ್ಲಿ ಡಿಸಿ ಮತ್ತು ಆರ್ಚೀ ಸಂಸ್ಥೆಗಳು ಇದನ್ನು ಕೈಬಿಟ್ಟವು.

ವರ್ಥಮ್ ಅವರ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕಿ ಕ್ಯಾರಲ್ ಟಿಲ್ಲಿ, ಅವರು ತಮ್ಮ ವಾದಕ್ಕೆ ಹೊಂದುವಂತೆ ಮಕ್ಕಳ ಹೇಳಿಕೆಗಳನ್ನು ತಿರುಚಿದ್ದರೆಂದು 2012ರಲ್ಲಿ ತೋರಿಸಿದರು.