ಘಟ್ಟ ಹತ್ತುವ ಎಂಜಿನ್ನು

ಕೊಳ್ಳೇಗಾಲಕ್ಕೆ ರೈಲಿಲ್ಲ. ಯಳಂದೂರಿಗಿಲ್ಲ, ಹನೂರಿಗೂ ಇಲ್ಲ. ರೇಷ್ಮೆ ಮಾರುವವನೂ ಮದುವೆಗೆ ಹೊರಟವನೂ ರಸ್ತೆಯನ್ನೇ ನಂಬಬೇಕು. ಆ ರಸ್ತೆಗಳೋ ಒಂದು ಕಡೆ ಬಿಳಿಗಿರಿರಂಗನ ಬೆಟ್ಟಕ್ಕೂ ಇನ್ನೊಂದು ಕಡೆ ಮಲೆ ಮಹದೇಶ್ವರನ ಬೆಟ್ಟಕ್ಕೂ ಏರುತ್ತವೆ. ಇಂತಹ ಸೀಮೆಯಲ್ಲಿ ಸಂಸಾರಕ್ಕೆಂದು ಹಳೆಯ ಕಾರೊಂದನ್ನು ಕೊಳ್ಳುವವನು ಬಣ್ಣವನ್ನು ನೋಡಿ ಮರುಳಾಗುವಂತಿಲ್ಲ. ಬಾನೆಟ್ಟಿನ ಕೆಳಗಿರುವ ಎಂಜಿನ್ನು ಎಂತಹುದು, ಅಜ್ಜಿಯನ್ನೂ ಮಕ್ಕಳನ್ನೂ ಕೂರಿಸಿಕೊಂಡು ಹರಕೆಯ ಬೆಟ್ಟವನ್ನು ಹತ್ತಿ ಇಳಿದೀತೇ ಎಂಬುದೇ ಅವನ ಪ್ರಶ್ನೆ. ಇಷ್ಟು ಸಣ್ಣ ಪ್ರಶ್ನೆಗೂ ಒಂದು ಚರಿತ್ರೆಯುಂಟು.

1956ರ ನವೆಂಬರ್ 1ರವರೆಗೆ ಯಳಂದೂರು ಮತ್ತು ಕೊಳ್ಳೇಗಾಲಗಳ ನಡುವೆ ಒಂದು ಗಡಿಯಿತ್ತು. ಯಳಂದೂರು ಮೈಸೂರು ಸಂಸ್ಥಾನದ್ದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಸೀಮೆ. ಕೊಳ್ಳೇಗಾಲವೂ ಅದರೊಳಗಿದ್ದ ಹನೂರೂ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಒಂದು ಗಳಿಗೆಯ ಹಾದಿಯ ಎರಡು ಊರುಗಳಲ್ಲಿ ಮೋಟಾರಿನ ನೋಂದಣಿ ಬೇರೆ, ತೆರಿಗೆಯ ಲೆಕ್ಕ ಬೇರೆ. ಕೊಳ್ಳೇಗಾಲದವರಿಗೆ ಜಿಲ್ಲಾ ಕೇಂದ್ರವೇ ಘಟ್ಟದ ಕೆಳಗಿತ್ತೆಂಬುದು ಇನ್ನೂ ಸ್ವಾರಸ್ಯದ ಸಂಗತಿ. ಕೊಯಮತ್ತೂರು ಆಗಲೇ ಮೋಟಾರು ವಿದ್ಯೆಗೆ ಹೆಸರಾದ ಪಟ್ಟಣ, ಜಿ. ಡಿ. ನಾಯ್ಡು ಅವರು 1920ರಲ್ಲಿ ಬಸ್ಸು ಓಡಿಸತೊಡಗಿದ್ದು ಆ ಸೀಮೆಯಲ್ಲಿಯೇ. ಅಲ್ಲಿ ಕೊಂಡ ಕಾರು ಮನೆ ಸೇರಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಬೇಕು. ಬೇರೆ ಊರಿನವರು ಕೊಳ್ಳುವ ಮುಂಚೆ ಪರೀಕ್ಷೆ ಮಾಡುತ್ತಾರೆ. ಇವರಿಗೆ ಕೊಂಡ ಮೇಲೆ ದಾರಿಯೇ ಪರೀಕ್ಷೆ ಮಾಡುತ್ತಿತ್ತು.

ಸ್ವಾತಂತ್ರ್ಯದ ನಂತರ ಆಯ್ಕೆ ಕಿರಿದಾಯಿತು. ಇಲ್ಲಿಯೇ ತಯಾರಿಸುವ ಯೋಜನೆಯಿಲ್ಲದೆ ಬರಿಯ ಜೋಡಣೆಯ ಕೆಲಸ ಮಾಡುತ್ತಿದ್ದ ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳು 1953-54ರ ಹೊತ್ತಿಗೆ ಅಂಗಡಿ ಮುಚ್ಚಿದವು. ಉಳಿದವು ಮೂರು: ಕಲ್ಕತ್ತೆಯ ಬಳಿಯ ಅಂಬಾಸಿಡರ್, ಬೊಂಬಾಯಿಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಬೆಲೆಯನ್ನು ಸರ್ಕಾರ ಗೊತ್ತುಮಾಡುತ್ತಿತ್ತು. ಹೊಸ ಕಾರಿಗೆ ವರ್ಷಗಟ್ಟಲೆ ಸರದಿ ಕಾಯಬೇಕಿತ್ತು. ಹೀಗಾಗಿ, ಇಂದಿನವರು ನಂಬಲಾರರು, ಓಡಿದ ಫಿಯೆಟ್ ಕಾರು ಹೊಸದರ ಬೆಲೆಯನ್ನು ಮೀರಿ ಮಾರಾಟವಾದದ್ದುಂಟು. ಅಷ್ಟು ಹಣ ಸುರಿದು ಕೊಳ್ಳುವವನಿಗೆ ಎಂಜಿನ್ನಿನ ಆಯುಸ್ಸು ಚಿಲ್ಲರೆ ವಿಷಯವಲ್ಲ.

ಈ ಎರಡು ಮುಖ್ಯ ಎಂಜಿನ್ನುಗಳ ಸ್ವಭಾವವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಂಬಾಸಿಡರಿನದು ಇಂಗ್ಲೆಂಡಿನ ಬಿ.ಎಂ.ಸಿ. ಕಂಪನಿಯ 1489 ಸಿ.ಸಿ. ಎಂಜಿನ್ನು. ಮೈಯೂ ಎರಕದ ಕಬ್ಬಿಣ, ಮೇಲಿನ ಹೆಡ್ಡೂ ಎರಕದ ಕಬ್ಬಿಣ. ಭಾರವಾದದ್ದು, ಪೆಟ್ರೋಲು ಕುಡಿಯುವಂಥದ್ದು. ಆದರೆ ಒಂದೆರಡು ಬಾರಿ ನೀರು ಕುದಿದರೂ ಸಹಿಸಿಕೊಳ್ಳುವ ಎಮ್ಮೆಯ ತಾಳ್ಮೆ ಅದಕ್ಕಿತ್ತು. ಫಿಯೆಟ್ಟಿನದು 1089 ಸಿ.ಸಿ.; ಚುರುಕು, ಮಿತಾಹಾರಿ. 1973ರಲ್ಲಿ ಎಣ್ಣೆಯ ಬೆಲೆ ಏರಿದಾಗ ಅದರ ಮಾನ ಹೆಚ್ಚಿದ್ದು ಸಹಜವೇ. ಆದರೆ ಅದರ ಹೆಡ್ಡು ಅಲ್ಯೂಮಿನಿಯಮ್ಮಿನದು. ಘಟ್ಟದಲ್ಲಿ ನೀರಿಲ್ಲದೆ ಕಾದರೆ ಹೆಡ್ಡು ಬಾಗಿ, ಗ್ಯಾಸ್ಕೆಟ್ ಸುಟ್ಟು, ನೀರೂ ಎಣ್ಣೆಯೂ ಬೆರೆಯುತ್ತಿದ್ದವು. ಆದ್ದರಿಂದ ಬಯಲುಸೀಮೆಯ ವಕೀಲರಿಗೆ ಫಿಯೆಟ್, ಬೆಟ್ಟದ ಬುಡದ ಕೂಡುಕುಟುಂಬಕ್ಕೆ ಅಂಬಾಸಿಡರ್ ಎಂಬ ವಿಂಗಡಣೆಯಲ್ಲಿ ಅರ್ಥವಿತ್ತೆಂದು ನನ್ನ ಎಣಿಕೆ. ಹೆರಾಲ್ಡಿನ ವಿಚಾರ ಹೆಚ್ಚು ಹೇಳಬೇಕಾಗಿಲ್ಲ. ಸುಂದರವಾದ ಕಾರು, ಸಣ್ಣ ಎಂಜಿನ್ನು.

ಹಳೆಯ ಎಂಜಿನ್ನನ್ನು ಅಳೆಯಲು ಆ ಕಾಲದಲ್ಲಿ ಒಂದು ಪ್ರಶ್ನೆ ಸಾಕಾಗಿತ್ತು: ಎಷ್ಟು ಸಲ ಬೋರ್ ಮಾಡಿಸಿದ್ದೀರಿ? ಸಿಲಿಂಡರು ಸವೆದಾಗ ಅದನ್ನು ಕೊರೆದು ದೊಡ್ಡದು ಮಾಡಿ, ದೊಡ್ಡ ಪಿಸ್ಟನ್ನು ಹಾಕುತ್ತಾರೆ. ಮೊದಲು ಅಂಗುಲದ ಸಾವಿರದಲ್ಲಿ 20 ಭಾಗ, ಆಮೇಲೆ 40. ಅದನ್ನು ಮೀರಿದರೆ ಗೋಡೆ ತೆಳುವಾಗುತ್ತದೆ. ಒಳಗೆ ಲೈನರು ತೊಡಿಸದೆ ಗತ್ಯಂತರವಿಲ್ಲ. ಮರದ ವಯಸ್ಸನ್ನು ಬಳೆಗಳಿಂದ ಎಣಿಸುವಂತೆ ಎಂಜಿನ್ನಿನ ವಯಸ್ಸನ್ನು ಈ ಕೊರೆತದಿಂದ ಎಣಿಸುತ್ತಿದ್ದರು. ಮೈಲಿಯ ಮುಳ್ಳನ್ನು ಹಿಂದಕ್ಕೆ ತಿರುಗಿಸಬಹುದು. ಕೊರೆದ ಕಬ್ಬಿಣವನ್ನು ಮತ್ತೆ ತುಂಬಲಾಗದು.

ಮಾರುವವನು ಸುಳ್ಳಾಡಿದರೆ ಹೊಗೆ ನಿಜ ನುಡಿಯುತ್ತಿತ್ತು. ನೀಲಿ ಹೊಗೆ ಬಂದರೆ ರಿಂಗು ಸವೆದು ಎಣ್ಣೆ ಉರಿಯುತ್ತಿದೆ. ಕಪ್ಪಾದರೆ ಪೆಟ್ರೋಲು ಹೆಚ್ಚು ಸುರಿಯುತ್ತಿದೆ, ಅದು ಕಾರ್ಬ್ಯುರೇಟರಿನ ದೋಷ, ಹೆದರಬೇಕಾಗಿಲ್ಲ. ಕಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿದೆ, ಎದ್ದು ಬರುವುದೇ ಲೇಸು. ಎಣ್ಣೆ ಅಳೆಯುವ ಕಡ್ಡಿಯಲ್ಲಿ ಮಜ್ಜಿಗೆಯ ಬಣ್ಣ ಕಂಡರೂ ಅಷ್ಟೆ. ಇವೆಲ್ಲವನ್ನೂ ತಣ್ಣಗಿರುವ ಎಂಜಿನ್ನಿನಲ್ಲಿ ನೋಡಬೇಕು. ಕೊಳ್ಳುವವನು ಬರುವ ಮುಂಚೆಯೇ ಕಾರನ್ನು ಓಡಿಸಿ ಬಿಸಿಮಾಡಿಟ್ಟಿದ್ದರೆ, ಮುಂಜಾನೆಯ ಮೊದಲ ಕೆಮ್ಮನ್ನು ಯಾರೋ ಬಚ್ಚಿಟ್ಟಿದ್ದಾರೆಂದೇ ತಿಳಿಯಬೇಕು.

ಪೆಟ್ರೋಲಿಗೆ ಹಣ ಹೊಂದಿಸಲಾಗದವರು ಕಾರಿಗೆ ಡೀಸೆಲ್ ಎಂಜಿನ್ನನ್ನು ಕೂಡಿಸಿಕೊಂಡದ್ದೂ ಉಂಟು. ಅದರಿಂದ ಹುಟ್ಟಿದ ತೊಡಕು ಕಾಗದದ್ದು. ಆರ್.ಸಿ. ಪುಸ್ತಕದಲ್ಲಿರುವ ಎಂಜಿನ್ ನಂಬರು ಒಂದು, ಕಬ್ಬಿಣದ ಮೇಲೆ ಕೆತ್ತಿರುವುದು ಇನ್ನೊಂದು. ಬದಲಾವಣೆಯನ್ನು ಸಾರಿಗೆ ಕಚೇರಿಯಲ್ಲಿ ಬರೆಸದಿದ್ದರೆ ಕೊಂಡವನು ಪೇಚಿಗೆ ಸಿಲುಕುತ್ತಾನೆ; ಈ ಮಾತು ಇಂದಿಗೂ ಸತ್ಯ.

1983ರ ಡಿಸೆಂಬರ್ 14ರಂದು ಮಾರುತಿ 800 ಬೀದಿಗಿಳಿಯಿತು. 796 ಸಿ.ಸಿ., ಮೂರೇ ಸಿಲಿಂಡರು. ಇದರ ಟೈಮಿಂಗ್ ಬೆಲ್ಟು ರಬ್ಬರಿನದು. ಹಳೆಯ ಎಂಜಿನ್ನುಗಳ ಸರಪಳಿಯಲ್ಲ. ಬೋರ್ ಎಷ್ಟು ಸಲ ಎಂಬ ಪ್ರಶ್ನೆ ಹಿಂದೆ ಸರಿದು, ಬೆಲ್ಟು ಯಾವಾಗ ಬದಲಾಯಿಸಿದಿರಿ ಎಂಬ ಪ್ರಶ್ನೆ ಮುಂದೆ ಬಂತು. 2000ದ ಹೊತ್ತಿಗೆ ಸೀಸ ಬೆರೆತ ಪೆಟ್ರೋಲು ದೇಶದಲ್ಲಿ ನಿಂತುಹೋಯಿತು. ಆಗ ಒಂದು ವಿಪರ್ಯಾಸ ಒದಗಿತು. ಕಬ್ಬಿಣದ ಹೆಡ್ಡಿನಲ್ಲಿಯೇ ಕೊರೆದ ವಾಲ್ವಿನ ಪೀಠಗಳಿಗೆ ಆ ಸೀಸವೇ ರಕ್ಷೆಯಾಗಿತ್ತು; ಅದು ಹೋದ ಮೇಲೆ ಪೀಠಗಳು ಸವೆಯತೊಡಗಿದವು. ಯಾವ ಕಬ್ಬಿಣವನ್ನು ಘಟ್ಟದವರು ಮೆಚ್ಚಿದ್ದರೋ ಅದೇ ಹಳೆಯ ಅಂಬಾಸಿಡರಿನ ಮರ್ಮಸ್ಥಾನವಾಯಿತು.

ಪದ್ಮಿನಿ ನಿಂತುಹೋದ ಮೇಲೂ ಫಿಯೆಟ್ ಮನೆತನ ಮಾತ್ರ ನಮ್ಮನ್ನು ಬಿಡಲಿಲ್ಲ. 2007ರಲ್ಲಿ ಸ್ವಿಫ್ಟ್ ಕಾರಿನೊಳಗೆ ಬಂದ 1248 ಸಿ.ಸಿ. ಡೀಸೆಲ್ ಎಂಜಿನ್ನು ಫಿಯೆಟ್ ರೂಪಿಸಿದ್ದು. ಮುಂದೆ ಟಾಟಾ ಕಾರುಗಳಲ್ಲಿಯೂ ಅದು ಓಡಿತು. ಹಲವು ಕಂಪನಿಗಳ ಕಾರುಗಳಲ್ಲಿ ಒಂದೇ ಎಂಜಿನ್ನು ಇದ್ದುದರಿಂದ ಬಿಡಿಭಾಗ ಸುಲಭ, ಬಲ್ಲ ಮೆಕ್ಯಾನಿಕ್ಕೂ ಸುಲಭ. ಸಣ್ಣ ಊರಿನಲ್ಲಿ ಹಳೆಯ ಕಾರು ಕೊಳ್ಳುವವನಿಗೆ ಇದಕ್ಕಿಂತ ದೊಡ್ಡ ಗುಣ ಬೇರಿಲ್ಲವೆಂದು ನಾನು ತಿಳಿಯುತ್ತೇನೆ. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದಾಗ ಅದೂ ವಿರಮಿಸಿತು. ಆ ನಂತರದ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜರಡಿಯಿದೆ. ದೂರ ಓಡಿ ಚೆನ್ನಾಗಿ ಕಾದರೆ ಮಾತ್ರ ಅದು ತಾನೇ ಶುಚಿಯಾಗುತ್ತದೆ. ಮನೆಯಿಂದ ಸಂತೆಗೆ, ಸಂತೆಯಿಂದ ಮನೆಗೆ ಎಂದು ಓಡಿದ ಕಾರಾದರೆ ಜರಡಿ ಕಟ್ಟಿರಬಹುದು. ಪೆಟ್ರೋಲಿನಲ್ಲಿಯೂ ಈಗ ನೂರಕ್ಕೆ 20ರಷ್ಟು ಎಥನಾಲು ಬೆರೆಯುತ್ತಿದೆ; 2023ಕ್ಕೆ ಹಿಂದಿನ ಕಾರಾದರೆ ಇಂಧನದ ರಬ್ಬರು ಕೊಳವೆಗಳನ್ನೊಮ್ಮೆ ಮುಟ್ಟಿ ನೋಡಬೇಕು.

ಇಷ್ಟೆಲ್ಲ ನೋಡಿದ ಮೇಲೂ ಮನಸ್ಸು ಒಪ್ಪದಿದ್ದರೆ, ಮಾರುವವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹನೂರಿನ ಮೇಲೆ ತಾಳಬೆಟ್ಟಕ್ಕೆ ಹೋಗಿ, ಅಲ್ಲಿಂದ ಮೇಲಿನ ತಿರುವುಗಳನ್ನು ಎರಡನೆಯ ಗೇರಿನಲ್ಲಿ ಹತ್ತಿಸಬಹುದು. ಶಾಖದ ಮುಳ್ಳು ನಡುಮಟ್ಟ ದಾಟದೆ, ಮೇಲೆ ನಿಲ್ಲಿಸಿದಾಗ ಎಂಜಿನ್ನು ತಡವರಿಸದೆ ತಿರುಗುತ್ತಿದ್ದರೆ, ಬೆಲೆಯ ಮಾತನ್ನು ಅಲ್ಲಿಯೇ ಆಡಬಹುದು.