ಖಾಲಿ ಸಾಕೆಟ್‌ನ ಇತಿಹಾಸ: ಗಣಿತದ ಚಿಪ್ ಐತೋ, ಇಲ್ಲೋ?

1/6
ರಬಕವಿ-ಬನಹಟ್ಟಿಯ ಸೀರೆ ಗೋದಾಮು ಇರಲಿ, ಮುಧೋಳದ ಸಕ್ಕರೆ ಗೋದಾಮು ಇರಲಿ, ಆಡಿಟ್‌ನ ಮೊದಲ ಪಾಠ ಒಂದೇ. ಸ್ಟಾಕ್ ಬುಕ್‌ನಾಗ 200 ಅಂತ ಬರೆದೈತಿ ಅಂದ್ರ ಒಳಗ 200 ಅದಾವು ಅಂತಲ್ಲ, ಹೋಗಿ ಎಣಿಸಬೇಕು. 1980ರ ದಶಕದಾಗ ಕಂಪ್ಯೂಟರ್‌ಗಳೂ ಇದೇ ಪಾಠ ಕಲಿತವು. ಅಲ್ಲಿ ಎಣಿಸಬೇಕಿದ್ದ ಮಾಲು ಒಂದೇ ಒಂದು ಚಿಪ್: ಮ್ಯಾಥ್ ಕೋಪ್ರೊಸೆಸರ್.

2/6
ಆಗಿನ ಪ್ರೊಸೆಸರ್‌ಗೆ ಪೂರ್ಣಾಂಕ ಕೂಡಿಸೋದು, ಕಳೆಯೋದು ಸಲೀಸು. ದಶಮಾಂಶದ ಉದ್ದ ಲೆಕ್ಕ, ವರ್ಗಮೂಲ ಬಂದ್ರ ಮಾತ್ರ ಏದುಸಿರು. ಆ ಕೆಲಸಕ್ಕಂತಲೇ 1980ರಲ್ಲಿ ಇಂಟೆಲ್ 8087 ಚಿಪ್ ತಂತು. 1981ರ ಐಬಿಎಂ ಪಿಸಿಯೊಳಗೆ ಇದಕ್ಕಂತ 40 ಕಾಲಿನ ಸಾಕೆಟ್ ಇತ್ತು, ಆದರೆ ಖಾಲಿ. ಬೇಕಾದವರು ಬೇರೆ ದುಡ್ಡು ಕೊಟ್ಟು ಚಿಪ್ ತಂದು ಕೂಡಿಸಬೇಕು.

3/6
ಯಾರಿಗೆ ಬೇಕಿತ್ತು? 1986ರ ಬೆಂಗಳೂರು ನೋಡ್ರಿ. ನಾವೆಲ್ಲ ಕಲಿಯೋ ಟ್ಯಾಲಿಯ ಕಂಪನಿ ಶುರುವಾದದ್ದು ಆ ವರ್ಷ. ಅದೇ ವರ್ಷ ಅದೇ ಊರಿನ ಎನ್‌ಎಎಲ್ ಪ್ರಯೋಗಾಲಯದಾಗ ಫ್ಲೋಸಾಲ್ವರ್ ಅನ್ನೋ ಸಮಾಂತರ ಕಂಪ್ಯೂಟರ್ ತಯಾರಾಯ್ತು. ಜಮಾ-ಖರ್ಚು ಪೈಸೆ ಲೆಕ್ಕದಾಗ ಕೂಡಿಸಿದರೆ ಪೂರ್ಣಾಂಕ ಸಾಕು. ಆದರೆ ವಿಮಾನದ ರೆಕ್ಕೆ ಮೇಲೆ ಗಾಳಿ ಹೆಂಗ ಹರೀತದ ಅನ್ನೋ ಲೆಕ್ಕಕ್ಕ ಸಾಲದು. ಅದಕ್ಕೇ ಮೊದಲ ಫ್ಲೋಸಾಲ್ವರ್‌ನಲ್ಲಿ 8086 ಪ್ರೊಸೆಸರ್ ಜೊತೆ 8087 ಜೋಡಿಯಾಗಿತ್ತು. ದೊಡ್ಡ ವಿದೇಶಿ ಸೂಪರ್ ಕಂಪ್ಯೂಟರ್ ಸಿಗೋದು ಕಷ್ಟ ಇದ್ದ ಕಾಲದಾಗ, ಪೇಟೆಯಲ್ಲಿ ಸಿಗೋ ಚಿಪ್‌ಗಳಿಂದ ಕಟ್ಟಿದ ಯಂತ್ರ ಅದು.

4/6
ಈಗ ಅಸಲಿ ಸಮಸ್ಯೆ. ಚಿಪ್ ಐತಿ ಅಂತ ಸಾಫ್ಟ್‌ವೇರ್‌ಗೆ ಗೊತ್ತಾಗೋದು ಹೆಂಗ? ಐಬಿಎಂ ಪಿಸಿಯಲ್ಲಿ ಒಂದು ಪುಟ್ಟ ಸ್ವಿಚ್ ಇತ್ತು, ಚಿಪ್ ಹಾಕಿದವರು ಅದನ್ನ ಬದಲಿಸಬೇಕು. ಅದೇ ಸ್ಟಾಕ್ ಬುಕ್! ಸ್ವಿಚ್ "ಐತಿ" ಅಂದು ಸಾಕೆಟ್ ಖಾಲಿ ಇದ್ರ? ಪ್ರೊಸೆಸರ್ ಉತ್ತರಕ್ಕ ಕಾಯ್ತಾ ಅಲ್ಲೇ ನಿಂತುಬಿಡಬಹುದು. ಎರರ್ ಇಲ್ಲ, ಏನಿಲ್ಲ, ಬರೀ ಮೌನ.

ಜಾಣ ಪ್ರೋಗ್ರಾಂಗಳು ತಾವೇ ಎಣಿಸಿದವು. ಮೆಮೊರಿಯ ಒಂದು ಜಾಗದಲ್ಲಿ ಸೊನ್ನೆ ಅಲ್ಲದ ಒಂದು ಸಂಖ್ಯೆ ಬರೆದಿಡೋದು. ಆಮೇಲೆ ಕೋಪ್ರೊಸೆಸರ್‌ಗೆ "ಹೊಸದಾಗಿ ಶುರು ಮಾಡು, ನಿನ್ನ ಸ್ಥಿತಿ ಇಲ್ಲಿ ಬರಿ" ಅನ್ನೋದು. ಸಂಖ್ಯೆ ಹೋಗಿ ಸೊನ್ನೆ ಬಂದಿದ್ರ ಚಿಪ್ ಐತಿ. ಬರೆದದ್ದು ಹಂಗೇ ಇದ್ರ ಒಳಗ ಯಾರೂ ಇಲ್ಲ.

5/6
ಮನೆ ಕಂಪ್ಯೂಟರ್‌ಗಳ ಕಥೆಯೂ ಇದೇ. ಕಮಡೋರ್ ಅಮಿಗಾಕ್ಕೆ ವೇಗ ಕೊಡಾಕ ಆಕ್ಸಿಲರೇಟರ್ ಬೋರ್ಡ್ ಸಿಗ್ತಿದ್ದವು. ಎಷ್ಟೋ ಬೋರ್ಡ್‌ಗಳಲ್ಲಿ ಮೋಟೊರೋಲಾ 68030 ಪ್ರೊಸೆಸರ್ ಇರ್ತಿತ್ತು, ಪಕ್ಕದ 68882 ಗಣಿತ ಚಿಪ್‌ನ ಜಾಗ ಖಾಲಿ. ಆ ಚಿಪ್ ಬೇಡೋ ಪ್ರೋಗ್ರಾಂ ಓಡಿಸಿದ್ರ ಪರದೆ ಮೇಲೆ ಕೆಂಪು ಚೌಕಟ್ಟು, ಒಳಗ 8000000ಬಿ ಅನ್ನೋ ಕೋಡ್. ಅರ್ಥ: ಗಣಿತ ಚಿಪ್‌ನ ಆದೇಶ ಬಂತು, ಮಾಡೋರು ಯಾರೂ ಇಲ್ಲ.

ಚಿಪ್ ಹಾಕಿದ ಮೇಲೂ ಇದೇ ಬಂದ್ರ ಹಂತ ಹಂತವಾಗಿ ನೋಡಬೇಕು:
▪️ ಚಿಪ್‌ನ ಗುರುತಿನ ಮೂಲೆ ಸಾಕೆಟ್‌ನ ಗುರುತಿಗೆ ಹೊಂದೈತೇನು?
▪️ ಕಾಲು ಬಾಗ್ಯಾವೇನು, ಕಿಲುಬು ಹಿಡಿದಾವೇನು?
▪️ ಜಂಪರ್ ಸರಿ ಜಾಗದಾಗ ಐತೇನು?
▪️ ಕೆಲವು ಬೋರ್ಡ್‌ಗಳಲ್ಲಿ ಗಣಿತ ಚಿಪ್‌ಗೆ ಬೇರೆನೇ ಆಸಿಲೇಟರ್ ಬೇಕು. ಅದಿಲ್ಲದಿದ್ರ ಚಿಪ್ ಇದ್ದೂ ಇಲ್ಲದಂಗ.

6/6
ಕಾಮರ್ಸ್‌ನವರಿಗೆ ಖಾಸ್ ಭಾಗ ಇದು. 1989ರ ಇಂಟೆಲ್ 486ರಲ್ಲಿ ಕೋಪ್ರೊಸೆಸರ್ ಚಿಪ್ ಒಳಗೇ ಸೇರಿತು. 1991ರಲ್ಲಿ ಕಡಿಮೆ ಬೆಲೆಯ 486ಎಸ್ಎಕ್ಸ್ ಬಂತು. ಮೊದಮೊದಲ ಎಸ್ಎಕ್ಸ್‌ಗಳಲ್ಲಿ ಗಣಿತದ ಭಾಗ ಇತ್ತು, ಆದರೆ ಕೆಲಸ ಮಾಡದಂಗ ಬಂದ್ ಮಾಡಿದ್ರು! ಮುಂದ ಬೇಕು ಅಂದವರಿಗೆ 487 ಅಂತ ಮಾರಿದ್ದು ಹೆಚ್ಚುಕಮ್ಮಿ ಪೂರ್ತಿ 486 ಚಿಪ್ಪನ್ನೇ. ಅದನ್ನ ಹಾಕಿದ್ರ ಹಳೇದು ಸುಮ್ಮನಾಗ್ತಿತ್ತು. ಒಂದೇ ಮಾಲು, ಎರಡು ಬೆಲೆ.

1994ರಲ್ಲಿ ಇನ್ನೊಂದು ಪೆಟ್ಟು. ಪೆಂಟಿಯಂನ ಗಣಿತ ಭಾಗ ಇತ್ತು, ಕೆಲಸಾನೂ ಮಾಡ್ತಿತ್ತು, ಆದರೆ ಕೆಲವು ಭಾಗಾಕಾರ ತಪ್ಪು. ಇಂಟೆಲ್ ಅದಕ್ಕಂತ ಪುಸ್ತಕದಾಗ ಬರೆದ ವೆಚ್ಚ 47.5 ಕೋಟಿ ಡಾಲರ್.

ಅಂದ್ರ ಪ್ರಶ್ನೆ ಮೂರು: ಐತೇನು? ನಡೀತದೇನು? ಸರಿ ಉತ್ತರ ಕೊಡ್ತದೇನು? ಒಂದಕ್ಕ ಹೌದು ಅಂದ್ರ ಉಳಿದೆರಡಕ್ಕೂ ಹೌದು ಅಂತಲ್ಲ. ಆಡಿಟ್ ಪೇಪರ್‌ನಾಗೂ ಇದನ್ನ ಬರೀರಿ, ನಡೀತದ 😄

ಜಮಖಂಡಿ, ಬೀಳಗಿ ಕಡೆ ಯಾರ ಮನ್ಯಾಗರ ಹಳೇ 386 ಪಿಸಿ ಇದ್ರ ಕವರ್ ಬಿಚ್ಚಿ ನೋಡ್ರಿ. ಖಾಲಿ ಸಾಕೆಟ್ ಕಂಡ್ರ ಫೋಟೋ ಕಳಸ್ರಿ.

#ಖಾಲಿಸಾಕೆಟ್ #ಕಂಪ್ಯೂಟರ್‌ಇತಿಹಾಸ #ಬಿಕಾಂಹುಡುಗರು