ಬೆಂಕಿಗೆ ಮೊದಲೇ: 1917–18ರ ಎನ್‌ಎಚ್‌ಎಲ್ ಋತು ಮತ್ತು ಮಾಂಟ್ರಿಯಲ್ ವಾಂಡರರ್ಸ್ ತಂಡದ ಅವಸಾನ

ಕೆನಡಾದ ನ್ಯಾಷನಲ್ ಹಾಕಿ ಲೀಗಿನ ಮೊದಲ ಋತುವನ್ನು ಕುರಿತ ಬರಹಗಳಲ್ಲಿ ಒಂದು ಮಾತು ತಲೆಮಾರುಗಳಿಂದ ಹಾಗೆಯೇ ನಡೆದು ಬಂದಿದೆ. 1918ರ ಜನವರಿ 2ರಂದು ಮಾಂಟ್ರಿಯಲ್ ಅರೀನಾ ಸುಟ್ಟು ಬೂದಿಯಾಯಿತು, ಅದರೊಂದಿಗೆ ವಾಂಡರರ್ಸ್ ತಂಡವೂ ಮುಗಿಯಿತು ಎಂಬುದು ಆ ಮಾತು. ಘಟನೆಗಳ ಕ್ರಮದ ಬಗ್ಗೆ ತಕರಾರಿಲ್ಲ. ಮೊದಲನೆಯದು ಎರಡನೆಯದಕ್ಕೆ ಕಾರಣವೆನ್ನುವುದನ್ನು ಮಾತ್ರ ಒಪ್ಪುವುದು ಕಷ್ಟ.

ಲೀಗಿನ ಹುಟ್ಟಿನ ಬಗ್ಗೆ ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಮ್ಮತವಿದೆ. ಟೊರಾಂಟೊ ತಂಡದ ಮಾಲೀಕ ಎಡ್ಡಿ ಲಿವಿಂಗ್‌ಸ್ಟನ್‌ನನ್ನು ದೂರವಿಡಲು ಹಳೆಯ ನ್ಯಾಷನಲ್ ಹಾಕಿ ಅಸೋಸಿಯೇಷನ್ನಿನ ಉಳಿದ ಮಾಲೀಕರು 1917ರ ನವೆಂಬರ್ 26ರಂದು ಮಾಂಟ್ರಿಯಲ್‌ನ ವಿಂಡ್ಸರ್ ಹೋಟೆಲಿನಲ್ಲಿ ಹೊಸ ಲೀಗ್ ಕಟ್ಟಿದರು. ಫ್ರಾಂಕ್ ಕಾಲ್ಡರ್ ಅಧ್ಯಕ್ಷನಾದ. ಕ್ವಿಬೆಕ್ ತಂಡ ಆ ವರ್ಷ ಕಣಕ್ಕಿಳಿಯಲಿಲ್ಲ. ಅದರ ಆಟಗಾರರನ್ನು ಉಳಿದವರು ಹಂಚಿಕೊಂಡರು. ಚಾರ್ಲ್ಸ್ ಕೋಲ್ಮನ್‌ನ ಸ್ಟ್ಯಾನ್ಲಿ ಕಪ್ ಇತಿಹಾಸ ಈ ಕಾಲದ ಅಧ್ಯಯನಕ್ಕೆ ಇಂದಿಗೂ ತಳಹದಿ. ಲಿವಿಂಗ್‌ಸ್ಟನ್‌ನನ್ನೇ ಕೇಂದ್ರಕ್ಕೆ ತಂದವರು ಹೋಲ್ಜ್‌ಮನ್ ಮತ್ತು ನೀಫೋರ್ತ್ (2002). ಅವರ ಶ್ರಮ ದೊಡ್ಡದು. ಆದರೆ ಅಷ್ಟು ಬೆಳಕು ಒಬ್ಬನ ಮೇಲೆ ಬಿದ್ದುದರಿಂದ ವಾಂಡರರ್ಸ್ ತಂಡದ ಪತನ ಬರೀ ಉಪಕಥೆಯಾಗಿ ಉಳಿದಿದೆ ಎಂಬುದು ನನ್ನ ಆಕ್ಷೇಪ. 1906ರಿಂದ 1910ರ ನಡುವೆ ನಾಲ್ಕು ಬಾರಿ ಸ್ಟ್ಯಾನ್ಲಿ ಕಪ್ ಗೆದ್ದ ತಂಡ ನಾಲ್ಕೇ ಪಂದ್ಯ ಆಡಿ ಇಲ್ಲವಾದದ್ದು ಉಪಕಥೆಯಲ್ಲ.

ಆ ನಾಲ್ಕು ಪಂದ್ಯಗಳನ್ನೇ ಹತ್ತಿರದಿಂದ ನೋಡೋಣ. ಡಿಸೆಂಬರ್ 19ರ ಉದ್ಘಾಟನಾ ರಾತ್ರಿ ವಾಂಡರರ್ಸ್ ಟೊರಾಂಟೊವನ್ನು 10–9ರಿಂದ ಸೋಲಿಸಿತು. ಲೀಗಿನ ಚರಿತ್ರೆಯ ಮೊದಲ ಗೋಲು ಎಂದು ದಾಖಲಾಗಿರುವುದು ಇದೇ ತಂಡದ ಡೇವ್ ರಿಚಿಯದು. ಹ್ಯಾರಿ ಹೈಲ್ಯಾಂಡ್ ಐದು ಗೋಲು ಹೊಡೆದ. ಸಮವಸ್ತ್ರದ ಸೈನಿಕರಿಗೆ ಪುಕ್ಕಟೆ ಪ್ರವೇಶವಿದ್ದರೂ ಬಂದವರು ಸುಮಾರು 700 ಜನ. ನಂತರ ಕೆನೇಡಿಯನ್ಸ್ ಕೈಯಲ್ಲಿ 11–2, ಒಟ್ಟಾವಾ ಕೈಯಲ್ಲಿ 6–3 ಮತ್ತು 9–2ರ ಸೋಲು. ಹೊಡೆದದ್ದು 17, ಬಿಟ್ಟುಕೊಟ್ಟದ್ದು 35. ಅರೀನಾ ಇನ್ನೂ ನಿಂತಿದ್ದಾಗಲೇ ಮಾಲೀಕ ಸ್ಯಾಮ್ ಲಿಖ್ಟನ್‌ಹೈನ್ ಆಟಗಾರರನ್ನು ಕೊಡಿ, ಇಲ್ಲವೇ ಲೀಗ್ ಬಿಡುತ್ತೇನೆ ಎಂದು ಪಟ್ಟು ಹಿಡಿದಿದ್ದ. ತಂಡದ ಕಸುವಾಗಿದ್ದ ಕ್ಲೆಗ್‌ಹಾರ್ನ್ ಸೋದರರಿಬ್ಬರೂ ಆ ಋತು ಆಡಲಿಲ್ಲ. ಕ್ವಿಬೆಕ್‌ನ ದೊಡ್ಡ ಗೋಲುಗಾರ ಜೋ ಮಲೋನ್ ಕೆನೇಡಿಯನ್ಸ್ ಪಾಲಾಗಿದ್ದ. ಅವನು 20 ಪಂದ್ಯಗಳಲ್ಲಿ 44 ಗೋಲು ಹೊಡೆದ.

ನನ್ನ ವಾದಕ್ಕೆ ಬಲವಾದ ಸಾಕ್ಷ್ಯ ಇನ್ನೂ ಸರಳವಾದದ್ದು. ಅದೇ ಬೆಂಕಿ ಕೆನೇಡಿಯನ್ಸ್ ತಂಡದ ಮನೆಯನ್ನೂ ಸುಟ್ಟಿತ್ತು. ಅರೀನಾ ಇಬ್ಬರಿಗೂ ಸೇರಿದ್ದು, ನಷ್ಟವೂ ಇಬ್ಬರದು. ಕೆನೇಡಿಯನ್ಸ್ ನಗರದ ಪೂರ್ವಭಾಗದ ಚಿಕ್ಕ ಜುಬಿಲಿ ರಿಂಕ್‌ಗೆ ಹೋಗಿ ಆಟ ಮುಂದುವರಿಸಿತು, ಋತುವಿನ ಮೊದಲಾರ್ಧವನ್ನೂ ಗೆದ್ದಿತು. ವಾಂಡರರ್ಸ್‌ಗೆ ಹ್ಯಾಮಿಲ್ಟನ್ ನಗರದಿಂದ ಆಹ್ವಾನ ಬಂದರೂ ಲಿಖ್ಟನ್‌ಹೈನ್ ಒಪ್ಪಲಿಲ್ಲ. ಒಂದೇ ಬೆಂಕಿ ಒಂದು ತಂಡವನ್ನು ಉಳಿಸಿ ಇನ್ನೊಂದನ್ನು ಅಳಿಸಿತೆಂದರೆ, ವ್ಯತ್ಯಾಸವನ್ನು ಬೆಂಕಿಯ ಹೊರಗೇ ಹುಡುಕಬೇಕು.

ಈ ಹೋಲಿಕೆಯನ್ನು ಅತಿಗೆ ಎಳೆಯಬಾರದು ಎಂಬ ಎಚ್ಚರ ನನಗಿದೆ. ಜುಬಿಲಿ ರಿಂಕ್ ಕೆನೇಡಿಯನ್ಸ್‌ಗೆ ಪರಕೀಯವಲ್ಲ. 1910ರಲ್ಲಿ ಆ ತಂಡ ತನ್ನ ಮೊದಲ ಪಂದ್ಯ ಆಡಿದ್ದೇ ಅಲ್ಲಿ, ಸುತ್ತಲಿನ ಫ್ರೆಂಚ್ ಭಾಷಿಕರೇ ಅದರ ಅಭಿಮಾನಿಗಳು. ಪಶ್ಚಿಮಭಾಗದ ಇಂಗ್ಲಿಷ್ ಪ್ರೇಕ್ಷಕರನ್ನು ನಂಬಿದ್ದ ವಾಂಡರರ್ಸ್‌ಗೆ ಅಂಥ ಎರಡನೆಯ ಮನೆ ಇರಲಿಲ್ಲ. ಆದ್ದರಿಂದ ಪೆಟ್ಟು ಒಂದೇ ಆದರೂ ನೋವು ಸಮನಾಗಿರಲಿಲ್ಲ ಎನ್ನಬಹುದು. ಆದರೆ ಆ ಇಂಗ್ಲಿಷ್ ಪ್ರೇಕ್ಷಕರು ಅರೀನಾ ತೆರೆದಿದ್ದಾಗಲೂ ಬಂದಿರಲಿಲ್ಲ ಎಂಬುದನ್ನು ಮರೆಯಲಾಗದು. ಉದ್ಘಾಟನೆಗೆ ಎರಡು ದಿನ ಮೊದಲು, ಡಿಸೆಂಬರ್ 17ರಂದು, ಕಡ್ಡಾಯ ಸೈನಿಕ ಸೇವೆಯನ್ನೇ ಮುಖ್ಯ ವಿಷಯವಾಗಿಸಿಕೊಂಡ ಚುನಾವಣೆ ಕೆನಡಾವನ್ನು ಭಾಷೆಯ ಗೆರೆಯಲ್ಲೇ ಸೀಳಿತ್ತು. ಇಂಗ್ಲಿಷ್ ಕೆನಡಾದ ಯುವಕರು ಯುದ್ಧಭೂಮಿಗೆ ಹೋಗಿದ್ದರು. ವಾಂಡರರ್ಸ್ ಕಳೆದುಕೊಂಡದ್ದು ಆಟಗಾರರನ್ನು ಮಾತ್ರವಲ್ಲ, ಗ್ಯಾಲರಿಯನ್ನೂ ಎಂದು ನಾನು ಭಾವಿಸುತ್ತೇನೆ. 1924ರಲ್ಲಿ ಅದೇ ಪ್ರೇಕ್ಷಕರಿಗಾಗಿ ಮಾಂಟ್ರಿಯಲ್ ಮರೂನ್ಸ್ ತಂಡ ಹುಟ್ಟಿ, ಎರಡೇ ವರ್ಷದಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದದ್ದು, ಕೊರತೆ ಯುದ್ಧಕಾಲದ್ದೇ ಎಂಬುದಕ್ಕೆ ಪೋಷಕವಾಗಿದೆ.

ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದೇ? ತಂಡ ಮುರಿದ ಮೇಲೆ ಹೈಲ್ಯಾಂಡ್ ಮತ್ತು ರಿಚಿ ಒಟ್ಟಾವಾಕ್ಕೆ ಹೋದರು, ಜ್ಯಾಕ್ ಮೆಕ್‌ಡೊನಾಲ್ಡ್ ಕೆನೇಡಿಯನ್ಸ್ ಸೇರಿದ. ಲಿಖ್ಟನ್‌ಹೈನ್ ಕೇಳಿದ ಬಲವನ್ನು ಕೊಡದ ಪ್ರತಿಸ್ಪರ್ಧಿಗಳೇ ಅವನ ತಂಡದ ಅಳಿವಿನಿಂದ ಲಾಭ ಪಡೆದರು. ಇದನ್ನು ಸಂಚು ಎನ್ನಲು ಆಧಾರವಿಲ್ಲ, ನಾನು ಹಾಗೆ ಹೇಳುತ್ತಲೂ ಇಲ್ಲ. ಲಿವಿಂಗ್‌ಸ್ಟನ್‌ನನ್ನು ಹೊರಗಿಡುವಾಗ ಒಂದಾದ ಮಾಲೀಕರಿಗೆ ತಮ್ಮಲ್ಲೇ ಒಬ್ಬನನ್ನು ಉಳಿಸಿಕೊಳ್ಳುವ ಆರ್ಥಿಕ ತುರ್ತು ಇರಲಿಲ್ಲ ಎಂಬಷ್ಟನ್ನು ಮಾತ್ರ, ಅದೂ ಸಂಭಾವ್ಯ ಊಹೆಯಾಗಿ, ಮುಂದಿಡಬಹುದು. ಮೂರೇ ತಂಡಗಳಿಂದ ಋತು ಪೂರ್ಣಗೊಂಡಿತು. ಟೊರಾಂಟೊ ಕೆನೇಡಿಯನ್ಸನ್ನು ಎರಡು ಪಂದ್ಯಗಳ ಒಟ್ಟು ಗೋಲಿನಲ್ಲಿ 10–7ರಿಂದ ಹಿಂದಿಕ್ಕಿ, ಬಳಿಕ ವ್ಯಾಂಕೂವರ್ ವಿರುದ್ಧ ಸ್ಟ್ಯಾನ್ಲಿ ಕಪ್ ಗೆದ್ದಿತು.

ಅರೀನಾ ಉಳಿದಿದ್ದರೆ ವಾಂಡರರ್ಸ್ ಆ ಋತುವನ್ನಾದರೂ ಮುಗಿಸುತ್ತಿತ್ತೇ ಎಂಬ ಪ್ರಶ್ನೆ ತೆರೆದೇ ಇದೆ. ಅದಕ್ಕೆ ಉತ್ತರ ಹುಡುಕುವವರು ಆ ವಾರಗಳ ಮಾಂಟ್ರಿಯಲ್‌ನ ಇಂಗ್ಲಿಷ್ ಪತ್ರಿಕೆಗಳ ಜತೆಗೆ ಫ್ರೆಂಚ್ ಪತ್ರಿಕೆಗಳನ್ನೂ ಎದುರುಬದುರು ಇಟ್ಟು ಓದಬೇಕು. ಅಧಿಕೃತ ಅಂಕಪಟ್ಟಿಯನ್ನು ಬಳಸುವಾಗಲೂ ಒಂದು ಎಚ್ಚರ ಅಗತ್ಯ: ಅಲ್ಲಿ ವಾಂಡರರ್ಸ್ ಹೆಸರಿನ ಮುಂದೆ ಆರು ಪಂದ್ಯ, ಒಂದು ಗೆಲುವು, ಐದು ಸೋಲು ಎಂದಿದೆ. ಆ ಐದರಲ್ಲಿ ಎರಡು ಆಡದೆಯೇ ಬರೆದುಕೊಂಡ ಸೋಲುಗಳು.